ಮೂರನೆಯ ಹತ್ತು ಮಣಿ

ಫೋನ್ ಬಂದಾಗ ನಾನು ಅವರೆಕಾಳು ಹಿಸುಕುತ್ತಿದ್ದೆ. ಹಿಂದಿನ ದಿನ ಬನಶಂಕರಿ ಮಾರ್ಕೆಟ್ಟಿನಿಂದ ಎರಡು ಕೆಜಿ ಸೊಗಡಿನ ಕಾಯಿ ತಂದು, ಸುಲಿದು, ಕಾಳನ್ನು ನೀರಿಗೆ ಹಾಕಿಟ್ಟಿದ್ದೆ. ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ತಲೆ ಓಡಿಸಬೇಕಾದ ಕೆಲಸವಲ್ಲ. ಅಂಥ ಹೊತ್ತಿನಲ್ಲಿ ನಾನು ದೇವರು ಆ ದಿನ ಕೊಟ್ಟ ಸಣ್ಣಪುಟ್ಟ ಕೃಪೆಗಳನ್ನು ಎಣಿಸುತ್ತೇನೆ. ಅವತ್ತು ಕಾವೇರಿ ನೀರು ಹೇಳಿದ ಹೊತ್ತಿಗೇ ಬಂದಿತ್ತು. ಅಮ್ಮ ಕೆಮ್ಮದೆ ನಿದ್ದೆ ಮಾಡಿದ್ದಳು. ಕಾಯಲ್ಲಿ ಹುಳ ಕಡಿಮೆ ಇತ್ತು.

ಮೂರಕ್ಕೆ ಬಂದಿದ್ದೆ, ಅಷ್ಟರಲ್ಲಿ ಫೋನ್.

ಬಿ.ಟಿ.ಎಮ್ ಕಡೆಯಿಂದ ಪ್ರತಿವರ್ಷ ತಮಿಳುನಾಡಿನ ವೇಳಾಂಗಣಿ ಮಾತೆಯ ಚರ್ಚಿಗೆ ಕಾಲ್ನಡಿಗೆಯಲ್ಲಿ ಹೋಗುವ ಒಂದು ಗುಂಪಿದೆ. ಅದನ್ನು ನಡೆಸುವ ಅಂಕಲ್ ಮಾತಾಡುತ್ತಿದ್ದರು.

"ತಂಗೀ, ಕೂತ್ಕೊಂಡಿದ್ದೀಯಾ?"

"ನೆಲದ ಮೇಲೇ ಇದ್ದೀನಿ ಅಂಕಲ್, ಅವರೆಕಾಳು ಹಿಸುಕ್ತಾ."

"ಹಂಗಾದ್ರೆ ಸರಿ, ಅದಕ್ಕಿಂತ ಕೆಳಗೆ ಬೀಳಕ್ಕಾಗಲ್ಲ." ಅವರು ನಗಲಿಲ್ಲ. "ನಿಮ್ಮಣ್ಣ ಬದುಕಿದ್ದಾನಮ್ಮ. ಅಂದ್ರೆ, ಹೋದ ತಿಂಗಳವರೆಗೂ ಇದ್ದ. ತಾಳು, ಮೊದಲಿಂದ ಹೇಳ್ತೀನಿ."

ಅವರೇನು ಹೇಳಿದರೆಂದು ತಿಳಿಯಬೇಕಾದರೆ ನಾನೂ ಮೊದಲಿನಿಂದಲೇ ಹೇಳಬೇಕು.

ಅಣ್ಣ ನನಗಿಂತ ಏಳು ವರ್ಷ ದೊಡ್ಡವನು. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದ್ದು, ಮದುವೆ ಮಾಡಿದ್ದು ಅವನೇ. ಗೋಡೆಗೆ ಬಣ್ಣ ಹೊಡೆಯುವ ಕೆಲಸ. ಜಯನಗರ, ಜೆ.ಪಿ. ನಗರದಲ್ಲಿ ಅವನ ಏಣಿ ಒರಗದ ರಸ್ತೆ ಕಡಿಮೆ. ತಾನು ಮದುವೆಯಾಗಲಿಲ್ಲ. ನಲವತ್ತು ದಾಟಿದ ಮೇಲೆ ಅವನ ತಲೆಯೊಳಗೆ ಸದ್ದು ಶುರುವಾಯಿತು. ಯಾರೋ ಪಕ್ಕದ ಕೋಣೆಯಲ್ಲಿ ಗೋಡೆ ಉಜ್ಜಿದ ಹಾಗೆ ಕೇಳಿಸುತ್ತದೆ ಎನ್ನುತ್ತಿದ್ದ. ಮಾತ್ರೆ ಕೊಡಿಸಿದೆವು. ನಡೆದಾಡಿದರೆ ಸದ್ದು ಕಡಿಮೆಯಾಗುತ್ತದೆ ಎಂದು ಬನಶಂಕರಿಯಿಂದ ಬಿಳೇಕಹಳ್ಳಿಯವರೆಗೂ ನಡೆದುಹೋಗಿ ಬರುತ್ತಿದ್ದ. ಮಾತ್ರೆಯಿಂದ ಒಂದಿಷ್ಟು ಗುಣ ಕಂಡಾಗ ಅಮ್ಮ ಹರಕೆ ಹೊತ್ತಳು: ನನ್ನ ಮಗ ಕಾವಿ ಉಟ್ಟು, ನಡೆದುಕೊಂಡೇ ಬಂದು ಮಾತೆಯ ದರ್ಶನ ಮಾಡುತ್ತಾನೆ.

ಒಂಬತ್ತು ವರ್ಷದ ಹಿಂದೆ, ಆಗಸ್ಟ್ ತಿಂಗಳ ಮಧ್ಯದಲ್ಲಿ, ಅವನು ಈ ಗುಂಪಿನ ಜೊತೆ ಹೊರಟ. ನಾನು ಮಾತ್ರೆ ಕಟ್ಟಿ ಕೊಟ್ಟೆ. ಗೇಟಿನ ಹತ್ತಿರ ನಿಂತು "ಬರ್ತೀನಿ" ಅಂದ. ಅಲ್ಲಿಯವರೆಗೂ ಚೆನ್ನಾಗಿಯೇ ನಡೆದನಂತೆ, ದಾರಿಯುದ್ದಕ್ಕೂ ಹಾಡಿದನಂತೆ. ಅಲ್ಲಿ ಹಬ್ಬದ ಧ್ವಜ ಏರುವ ದಿನದ ಜನಸಾಗರದಲ್ಲಿ ಕಣ್ತಪ್ಪಿಹೋದ. ಗುಂಪು ಎರಡು ದಿನ ಕಾದು ಹುಡುಕಿತು. ಗುಂಪು ಬಸ್ಸಿನಲ್ಲಿ ಮರಳಿದಾಗ ಅವನ ಚೀಲ ಬಂತು, ಅವನು ಬರಲಿಲ್ಲ.

ನಾವು ಹೋದೆವು, ಪೊಲೀಸಿಗೆ ಕೊಟ್ಟೆವು, ಪೋಸ್ಟರ್ ಅಂಟಿಸಿದೆವು. ಅದೆಲ್ಲ ಒಂದೆರಡು ವರ್ಷ. ಆಮೇಲೆ ಉಳಿದದ್ದು ಬರೀ ಕಾಯುವುದು. ಕಾಯುವುದೆಂದರೆ ಬಾಗಿಲಲ್ಲಿ ನಿಂತು ದಾರಿ ನೋಡುವುದಲ್ಲ. ಇಡ್ಲಿಗೆ ಹಿಟ್ಟು ರುಬ್ಬುತ್ತಾ, ಮಗಳಿಗೆ ಜಡೆ ಹಾಕುತ್ತಾ, ಒಂದು ಕಿವಿಯನ್ನು ಗೇಟಿನ ಕಡೆ ಇಟ್ಟಿರುವುದು. ನನಗೊಂದು ಚಟವೂ ಅಂಟಿಕೊಂಡಿತು. ಜಯನಗರ ಬಸ್ ಸ್ಟ್ಯಾಂಡಿನಲ್ಲಿ, ಸಿಗ್ನಲ್ಲಿನಲ್ಲಿ, ಅಂಗಡಿ ಮೆಟ್ಟಿಲ ಮೇಲೆ ಯಾರಾದರೂ ಮೈಮರೆತು ಮಲಗಿದ್ದರೆ ಮೊದಲು ಅವರ ಕಾಲು ನೋಡುತ್ತಿದ್ದೆ. ಅಣ್ಣನ ಎಡಗಾಲಿನ ಹೆಬ್ಬೆರಳಿನ ಮೇಲೆ ಒಮ್ಮೆ ಬಣ್ಣದ ಡ್ರಮ್ ಬಿದ್ದು ಉಗುರು ಎರಡಾಗಿ ಸೀಳಿತ್ತು. ಮುಖ ಬದಲಾಗಬಹುದು, ಗಡ್ಡ ಬರಬಹುದು. ಆ ಉಗುರು ಬದಲಾಗುವುದಿಲ್ಲ.

ಸಂಜೆಯ ಜಪಸರದ ವಿಷಯ ಹೇಳಬೇಕು. ಜಪಸರದಲ್ಲಿ ಹತ್ತು ಹತ್ತು ಮಣಿಗಳ ಐದು ಭಾಗ. ಪ್ರತಿ ಮಣಿಗೂ ಒಬ್ಬರು ಪ್ರಾರ್ಥನೆಯ ಮೊದಲರ್ಧ ಹೇಳುತ್ತಾರೆ, ಉಳಿದವರು ಕೊನೆಯರ್ಧ ಹೇಳಿ ಉತ್ತರ ಕೊಡುತ್ತಾರೆ. ನಾನು ಹುಡುಗಿಯಾಗಿದ್ದಾಗ ಮನೆಯಲ್ಲಿ ಐದೇ ಜನ, ಒಬ್ಬೊಬ್ಬರಿಗೆ ಹತ್ತು ಮಣಿ. ಮೂರನೆಯ ಹತ್ತು ಅಣ್ಣನದು. ಅಜ್ಜಿ ಹೋದರು, ಅಪ್ಪ ಹೋದರು. ಅಮ್ಮ, ಅಣ್ಣ ನನ್ನ ಜೊತೆ ಇಟ್ಟಮಡುವಿನ ಈ ಬಾಡಿಗೆ ಮನೆಗೆ ಬಂದರು. ನನ್ನ ಗಂಡ, ಮಗಳು ಸೇರಿ ಸಂಖ್ಯೆ ಮತ್ತೆ ಸರಿಹೋಯಿತು. ಆದರೆ ಅಣ್ಣ ಕಾಣೆಯಾದ ಮೇಲೆ ಮೂರನೆಯದನ್ನು ಅಮ್ಮ ಯಾರಿಗೂ ಕೊಡಲಿಲ್ಲ. ನನ್ನ ಗಂಡ ಒಂದು ದಿನ ಗೊತ್ತಿಲ್ಲದೆ ಶುರು ಮಾಡಿದಾಗ ಅವರ ಮಂಡಿ ತಟ್ಟಿ, "ಅದು ಅವನದು" ಅಂದಳು, ಅಷ್ಟೆ. ಅಂದಿನಿಂದ ಮೂರನೆಯ ಹತ್ತು ಬಂದಾಗ ಎಲ್ಲರೂ ಸುಮ್ಮನೆ ಮಣಿ ಸರಿಸುತ್ತೇವೆ. ಹತ್ತು ಮಣಿ ಮೌನ. ಫ್ಯಾನಿನ ಸದ್ದು, ಹೊರಗೆ ಸ್ಕೂಟರ್. ಆಮೇಲೆ ನಾಲ್ಕನೆಯದನ್ನು ನಾನು ಎತ್ತಿಕೊಳ್ಳುತ್ತೇನೆ.

ಮಹಡಿಯ ಮೇಲೆ ಬಾಡಿಗೆಗಿರುವ ಹುಬ್ಬಳ್ಳಿ ಕಡೆಯ ಹೆಣ್ಣುಮಗಳು ಒಮ್ಮೆ ಮೆಟ್ಟಿಲ ಮೇಲೆ ಹಿಡಿದು ಕೇಳಿದಳು. "ಅಕ್ಕಾರ, ನಿಮ್ಮ ಪ್ರಾರ್ಥನಿ ನಡುವ ಗಪ್ ಅಂತ ನಿಂತಬಿಡತೈತಲ್ರಿ? ಮೊದ್ಲ ನಾ ಮನ್ಯಾಗ ಜಗಳ ಆತೇನೋ ಅನ್ಕೊಂಡಿದ್ನಿ. ಈಗ ರೂಢಿ ಆಗೇತ್ರಿ. ನೀವು ಗಪ್ ಆದ ಕೂಡ್ಲೆ ನಾ ಕುಕ್ಕರ್ ಆಫ್ ಮಾಡ್ತೀನ್ರಿ."

ಅಮ್ಮನಿಗೆ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. "ಯಾರಿಗೋ ಒಬ್ಬರಿಗೆ ಉಪಯೋಗ ಆಗ್ತಿದೆಯಲ್ಲ" ಅಂದಳು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ನವೆಂಬರ್ ನಮಗೆ ಸತ್ತವರ ತಿಂಗಳು. ಅದಕ್ಕೆ ಮುಂಚೆ ಚರ್ಚಿನಲ್ಲಿ ಮನೆಗೊಂದು ಬಿಳಿ ಲಕೋಟೆ ಕೊಡುತ್ತಾರೆ. ಒಳಗಿನ ಹಾಳೆಯಲ್ಲಿ ನಮ್ಮ ಮನೆಯ ಮೃತರ ಹೆಸರು ಬರೆದು ಹಾಕಿದರೆ ತಿಂಗಳಿಡೀ ಅದು ಪೀಠದ ಮೇಲಿರುತ್ತದೆ. ಎಲ್ಲ ಪೂಜೆಗಳಲ್ಲೂ ಅವರಿಗಾಗಿ ಪ್ರಾರ್ಥನೆ ನಡೆಯುತ್ತದೆ. ಸಮಾಧಿ ಹಬ್ಬದ ದಿನ ಹೆಸರುಗಳನ್ನು ಮೈಕಿನಲ್ಲಿ ಓದುತ್ತಾರೆ. ನಮ್ಮ ಮನೆಯ ಹಾಳೆ ತುಂಬಿಸುವುದು ನನ್ನ ಕೆಲಸ. ಅಜ್ಜಿ, ಅಪ್ಪ, ನನ್ನ ಅತ್ತೆ, ಮಾವ.

ಹೋದ ನವೆಂಬರಿನ ಹಾಳೆಯಲ್ಲಿ ಅಪ್ಪನ ಹೆಸರಿನ ಕೆಳಗೆ ಅಣ್ಣನ ಹೆಸರು ಬರೆದೆ.

ಆಗ ನನಗೆ ನಾನೇ ಒಂದು ಕಾರಣ ಕೊಟ್ಟುಕೊಂಡಿದ್ದೆ. ಸತ್ತವರ ಆತ್ಮ ದೇವರನ್ನು ಸೇರುವ ಮುಂಚೆ ಶುದ್ಧವಾಗಲು ಕಾಯುತ್ತದೆ, ಬದುಕಿರುವವರ ಪ್ರಾರ್ಥನೆ ಅದಕ್ಕೆ ಆಸರೆ ಎಂದು ನಾವು ನಂಬುತ್ತೇವೆ. ಅಣ್ಣ ತೀರಿಹೋಗಿದ್ದರೆ? ಇಷ್ಟು ವರ್ಷ ಅವನ ಹೆಸರಿನಲ್ಲಿ ಒಂದು ಪೂಜೆಯೂ ಆಗಿಲ್ಲ. ನಾವು ಇಲ್ಲಿ ಅವನಿಗೆ ಕಾಯುತ್ತಾ, ಅವನು ಅಲ್ಲಿ ನಮಗೆ ಕಾಯುತ್ತಾ ಇದ್ದರೆ? ಬದುಕಿದ್ದರಂತೂ ಒಂದು ಹೆಸರಿನಿಂದ ಅವನಿಗೆ ನಷ್ಟವೇನು?

ಕಾರಣ ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ನನಗೆ ಸಾಕಾಗಿತ್ತು. ಕಾಲು ನೋಡಿ ಸಾಕಾಗಿತ್ತು. ಅವನಿಗೊಂದು ಜಾಗ ಗೊತ್ತಾಗಿಬಿಟ್ಟರೆ ಸಾಕು, ಅದು ಮಣ್ಣಿನ ಕೆಳಗಾದರೂ ಪರವಾಗಿಲ್ಲ ಅನ್ನಿಸಿತ್ತು.

ಸಮಾಧಿ ಹಬ್ಬದ ದಿನ ಅಮ್ಮನನ್ನು ಬೇಕೆಂದೇ ಸ್ಪೀಕರ್ ಅವಳ ಎಡಕ್ಕೆ ಬರುವ ಹಾಗೆ ಕೂರಿಸಿದೆ. ಅವಳಿಗೆ ಆ ಕಡೆಯ ಕಿವಿ ಮಂದ. ಹೆಸರುಗಳು ಬಂದವು, ಮಳೆ ಬಂದ ಹಾಗೆ ಒಂದರ ಮೇಲೊಂದು. ಅಪ್ಪನ ಹೆಸರು. ಆಮೇಲೆ ಅಣ್ಣನದು. ಓದಿದ ಹುಡುಗಿಗೆ ಅವನ್ಯಾರು ಗೊತ್ತಿಲ್ಲ, ಮುಂದಿನ ಮನೆಗೆ ಹೋದಳು. ಅಮ್ಮನ ಕಡೆ ನೋಡುವ ಧೈರ್ಯ ನನಗಾಗಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಅವಳು ಮೇಣದಬತ್ತಿಯ ಬೆಲೆಯ ಬಗ್ಗೆ ಮಾತಾಡಿದಳು. ಆ ಸಂಜೆಯೂ ಮೂರನೆಯ ಹತ್ತು ಮಣಿ ಮೌನವಾಗಿಯೇ ಸರಿದವು.

ಸತ್ತವರ ಪಟ್ಟಿಗೆ ಸೇರಿಸಿದ ಮೇಲೆ ಅಣ್ಣ ಹೆಚ್ಚು ಬರತೊಡಗಿದ. ದೆವ್ವ ಭೂತ ಅಂತ ಹೇಳುತ್ತಿಲ್ಲ, ನಾನು ಅಂಥದ್ದನ್ನು ನಂಬುವವಳಲ್ಲ. ಬಟ್ಟೆ ಒಣಹಾಕುವಾಗ ಬೆನ್ನ ಹಿಂದೆ ಟರ್ಪೆಂಟೈನ್ ವಾಸನೆ. ತಿರುಗಿದರೆ ಯಾರೂ ಇಲ್ಲ, ಯಾರ ಮನೆಗೂ ಬಣ್ಣ ಹೊಡೆಯುತ್ತಿಲ್ಲ. ಏಣಿಯ ಕಾಲನ್ನು ನೆಲದ ಮೇಲೆ ಎಳೆದ ಸದ್ದು, ಹಗಲು ಹನ್ನೊಂದು ಗಂಟೆಗೆ. ಚರ್ಚಿನಲ್ಲಿ ಪರಮಪ್ರಸಾದದ ಸಾಲಿನಲ್ಲಿ ನನ್ನ ಮುಂದೆ ನಿಂತವರ ಕತ್ತು ಅವನ ಕತ್ತು. ಕಾಲು ನೋಡುವುದನ್ನು ನಾನು ಬಿಟ್ಟಿದ್ದೆ. ಹಾಗಾಗಿ ಉಳಿದ ಕಡೆಯಿಂದೆಲ್ಲ ಬಂದ. ಮೂರನೆಯ ಹತ್ತು ಬಂತೆಂದರೆ ನಾನು ಮಣಿಗಳನ್ನು ಬೇಗ ಬೇಗ ಸರಿಸಿಬಿಡುತ್ತಿದ್ದೆ. ಮೊದಲು ಆ ಮೌನದಲ್ಲಿ ಅವನು ಇರಲಿಲ್ಲ, ಅಷ್ಟೇ. ಈಗ ಅವನು ಅಲ್ಲಿದ್ದ. ನನ್ನನ್ನು ನೋಡುತ್ತಿದ್ದ.

ಹೀಗೆ ಎರಡು ತಿಂಗಳು ಕಳೆದ ಮೇಲೆ, ಜನವರಿಯ ಆ ಬೆಳಿಗ್ಗೆ, ಫೋನಿನಲ್ಲಿ ಅಂಕಲ್ ಮೊದಲಿಂದ ಹೇಳಿದರು.

ಕ್ರಿಸ್ಮಸ್ ಮುಗಿಸಿಕೊಂಡು ಅವರು ಮನೆಯವರ ಜೊತೆ ಬಸ್ಸಿನಲ್ಲಿ ವೇಳಾಂಗಣಿಗೆ ಹೋಗಿದ್ದರು. ಬರುವ ದಾರಿಯಲ್ಲಿ, ಗತಿಯಿಲ್ಲದವರನ್ನು ಸಿಸ್ಟರುಗಳು ನೋಡಿಕೊಳ್ಳುವ ಒಂದು ಮನೆಗೆ ಕಂಬಳಿ ಕೊಡಲು ಇಳಿದರಂತೆ. ಎಲ್ಲಿ ಹೋದರೂ ಅಣ್ಣನ ಫೋಟೋ ತೋರಿಸುವುದು ಅವರ ರೂಢಿ. ಅಲ್ಲಿಯೂ ತೋರಿಸಿದರು.

"ಸಿಸ್ಟರ್ ನೋಡಿದ್ ತಕ್ಷಣ ಹೇಳಿದ್ರಮ್ಮ. ಎರಡು ವರ್ಷದಿಂದ ಅಲ್ಲಿದ್ದನಂತೆ. ಹೆಸರು ಕೇಳಿದ್ರೆ ಹೇಳಲ್ಲ, ಮಾತೇ ಇಲ್ಲ. ಬೆಳಿಗ್ಗೆ ಎದ್ದು ಗೋಡೆಗೆ ಸುಣ್ಣ ಹೊಡೀತಿದ್ದನಂತೆ, ಹೊಡೆದ ಗೋಡೆಗೇ ಮತ್ತೆ ಹೊಡೀತಿದ್ದನಂತೆ."

"ಕಾಲು ನೋಡಿದ್ರಂತಾ ಅಂಕಲ್? ಹೆಬ್ಬೆರಳು?"

"ನಾನೇ ಕೇಳ್ದೆ. ಸೀಳಿದ ಉಗುರು, ಎಡಗಾಲು. ಅವನೇ. ಆದ್ರೆ ಒಂದು ವಿಚಿತ್ರ ಕೇಳು. ಬಾಯೇ ಬಿಡದೋನು, ಸಂಜೆ ಜಪಸರಕ್ಕೆ ಬಂದು ಹಿಂದೆ ಕೂರ್ತಿದ್ದನಂತೆ. ಮೂರನೇ ಹತ್ತು ಬಂತು ಅಂದ್ರೆ ಬೇರೆ ಯಾರಿಗೂ ಬಿಡ್ತಿರಲಿಲ್ವಂತೆ. ಜೋರಾಗಿ ಕನ್ನಡದಲ್ಲಿ ಇವನೇ ಹೇಳೋನಂತೆ. ಮೊದಮೊದಲು ಅವರಿಗೆ ನಗು ಬಂತಂತೆ. ಆಮೇಲೆ ಅಭ್ಯಾಸ ಆಯ್ತು. ಇವನು ಕನ್ನಡದಲ್ಲಿ ಹೇಳೋದು, ಅವರೆಲ್ಲ ತಮಿಳಲ್ಲಿ ಉತ್ತರ ಕೊಡೋದು."

ನಮ್ಮ ಮನೆಯ ಮೂರನೆಯ ಹತ್ತರ ವಿಷಯ ಅಂಕಲ್‌ಗೆ ಗೊತ್ತಿರಲಿಲ್ಲ. ಅವರಿಗೆ ಅದು ಬರೀ ವಿಚಿತ್ರ. ನನ್ನ ಕೈಯಲ್ಲಿದ್ದ ಅವರೆ ಸಿಪ್ಪೆ ಬೆರಳಿಗೆ ಅಂಟಿಕೊಂಡೇ ಇತ್ತು.

"ಈಗ ಎಲ್ಲಿದ್ದಾನೆ?"

"ಅದೇ ಕಣಮ್ಮ. ಕ್ರಿಸ್ಮಸ್‌ಗೆ ಇನ್ನೂ ನಾಲ್ಕು ದಿನ ಇತ್ತಂತೆ. ಬ್ರಷ್ ತೊಳೆದು, ಒಣಗಕ್ಕೆ ಇಟ್ಟು, ಗೇಟ್ ದಾಟಿ ಹೋಗಿದ್ದಾನೆ. ಹುಡುಕ್ತಾ ಇದ್ದಾರೆ. ಪೊಲೀಸಿಗೂ ಕೊಟ್ಟಿದ್ದಾರೆ. ನಾವು ಹೋದಾಗ ಅವನು ಹೋಗಿ ಒಂದು ವಾರ. ಒಂದೇ ಒಂದು ವಾರ, ತಂಗಿ."

ಫೋನ್ ಇಟ್ಟ ಮೇಲೆ ನಾನು ಲೆಕ್ಕ ಹಾಕಿದ್ದು ಒಂದೇ. ನವೆಂಬರಿನಲ್ಲಿ, ಮೈಕಿನಲ್ಲಿ ಅವನ ಹೆಸರು ಸತ್ತವರ ನಡುವೆ ಬಂದ ಆ ಸಂಜೆ, ಅವನು ಎಲ್ಲಿಯೋ ಒಂದು ಹಜಾರದಲ್ಲಿ ಕೂತು ಮೂರನೆಯ ಹತ್ತು ಹೇಳುತ್ತಿದ್ದ.

ಅಮ್ಮ ಹೊರಗೆ ಮೆಟ್ಟಿಲ ಮೇಲೆ ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ಅವಳ ಮುಂದೆ ನಿಲ್ಲಲು ನನ್ನಿಂದಾಗಲಿಲ್ಲ. "ಕೊತ್ತಂಬರಿ ತಂದುಬಿಡ್ತೀನಮ್ಮ" ಎಂದು ಚಪ್ಪಲಿ ಮೆಟ್ಟಿ ಹೊರಟವಳು ತರಕಾರಿ ಅಂಗಡಿ ದಾಟಿ ಚರ್ಚಿಗೇ ಹೋದೆ.

ಅಂಗಳದಲ್ಲಿ ಕ್ರಿಸ್ಮಸ್ಸಿಗೆ ಕಟ್ಟಿದ್ದ ಗೋದಲಿ ಬಿಚ್ಚುತ್ತಿದ್ದರು. ನಮ್ಮ ಫಾದರ್ ಚಿಕ್ಕ ವಯಸ್ಸಿನವರು, ಒಂದು ಕಂಕುಳಲ್ಲಿ ಪ್ಲಾಸ್ಟರಿನ ಕುರಿ ಹಿಡಿದುಕೊಂಡು ಹುಲ್ಲು ಕೊಡವುತ್ತಿದ್ದರು. ನಾನು ಎಲ್ಲ ಹೇಳಿದೆ. ಆ ಲಕೋಟೆ ಬೇಕು, ಹೆಸರು ಹೊಡೆದುಹಾಕಬೇಕು ಅಂದೆ.

"ಅಮ್ಮಾ, ತಿಂಗಳು ಮುಗಿದ ಮೇಲೆ ಅವನ್ನೆಲ್ಲ ಸುಟ್ಟು ಬೂದಿನ ಗಿಡದ ಬುಡಕ್ಕೆ ಹಾಕ್ತೀವಲ್ಲ. ಅದೋ, ಆ ದಾಸವಾಳಕ್ಕೆ."

ದಾಸವಾಳದಲ್ಲಿ ಎರಡು ಹೂವಿದ್ದವು. ನಾನು ನೋಡುತ್ತಾ ನಿಂತೆ.

"ಬದುಕಿರೋರಿಗೆ ಮಾಡಿದ ಪ್ರಾರ್ಥನೆ ವ್ಯರ್ಥ ಆಗಲ್ಲಮ್ಮ. ಯಾರು ಎಲ್ಲಿದ್ದಾರೆ ಅಂತ ದೇವರು ನಮ್ಮ ಹಾಳೆ ನೋಡಿ ತಿಳ್ಕೊಬೇಕಾ?"

"ಪ್ರಾರ್ಥನೆ ವ್ಯರ್ಥ ಆಗಲ್ಲ ಫಾದರ್, ಒಪ್ತೀನಿ. ಕಾಯೋದನ್ನ ಬಿಟ್ಟುಬಿಟ್ಟೆನಲ್ಲ, ಅದಕ್ಕೇನು ಮಾಡ್ಲಿ?"

ಅವರು ಸುಮ್ಮನೆ ಏನಾದರೂ ಹೇಳಿ ಕಳಿಸಲಿಲ್ಲ ಎನ್ನುವುದನ್ನೂ ನಾನು ಒಂದು ಕೃಪೆ ಎಂದೇ ಎಣಿಸುತ್ತೇನೆ. ಕುರಿಯನ್ನು ಆ ಕಂಕುಳಿನಿಂದ ಈ ಕಂಕುಳಿಗೆ ಬದಲಾಯಿಸಿದರು.

"ನಿಮ್ಮಮ್ಮನಿಗೆ ಹೇಳಿದ್ರಾ?"

"ಇಲ್ಲ."

"ಮೊದ್ಲು ಅಲ್ಲಿಗೆ ಹೋಗಿ."

ಮನೆಗೆ ಬಂದರೆ ಅಮ್ಮ ಒಳಗೆ ನನ್ನ ಜಾಗದಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದಳು. ಸಂಧಿವಾತಕ್ಕೆ ಸೊಟ್ಟಗಾದ ಬೆರಳು, ಒಂದೊಂದು ಕಾಳಿಗೂ ಎರಡು ಸಲ ಒತ್ತಬೇಕು.

"ಕೊತ್ತಂಬರಿ ಎಲ್ಲಿ?"

"ಮರೆತೆ."

"ಕೊತ್ತಂಬರಿಗೆ ಅಂತ ಹೋಗಿ ಕೊತ್ತಂಬರಿ ಮರೆತು ಬಂದೋಳು ಈ ಇಟ್ಟಮಡುಗೆಲ್ಲ ನೀನೊಬ್ಬಳೇ" ಎಂದು ತಲೆ ಎತ್ತಿದಳು. ನನ್ನ ಮುಖ ನೋಡಿ ಕೈ ನೀರಿನಿಂದ ತೆಗೆದಳು. "ಏನು? ಸಿಕ್ಕಿದ್ನಾ?"

ಅವಳ ಒಳ್ಳೆಯ ಕಿವಿಯ ಕಡೆ ಕೂತು ಹೇಳಿದೆ. ಸುಣ್ಣ ಹೊಡೆದದ್ದು, ಉಗುರು, ಮೂರನೆಯ ಹತ್ತು, ತೊಳೆದಿಟ್ಟ ಬ್ರಷ್. ಅವಳು ಅಳಲಿಲ್ಲ. ಸೆರಗಿನಿಂದ ಒಂದೊಂದೇ ಬೆರಳು ಒರೆಸಿಕೊಂಡಳು. ಆಮೇಲೆ ನಾನು ಲಕೋಟೆಯ ವಿಷಯ ಹೇಳಿದೆ.

"ಕೇಳಿಸ್ತು" ಅಂದಳು.

"ಏನು ಕೇಳಿಸ್ತು?"

"ಅವತ್ತು ಚರ್ಚಲ್ಲಿ. ನಿಮ್ಮಪ್ಪನ ಹೆಸರಾದ ಮೇಲೆ. ಈ ಕಿವಿ ಪೂರ್ತಿ ಸತ್ತಿಲ್ಲ ಕಣೆ."

"ಮತ್ತೆ ಯಾಕಮ್ಮ ಏನೂ ಅನ್ನಲಿಲ್ಲ?"

"ಏನಂತ ಅನ್ಲಿ? ಹರಕೆ ಹೊತ್ತೋಳು ನಾನು. ನಡ್ಕೊಂಡೇ ಬರ್ತಾನೆ ಅಂತ ಮಾತೆಗೆ ಮಾತು ಕೊಟ್ಟೋಳು ನಾನು. ಅವನು ಇನ್ನೂ ನಡೀತಾನೇ ಇದ್ದಾನೆ. ನಿನ್ನ ಕೈಲಿ ಆಗಲಿಲ್ಲ, ನೀನು ಬರೆದೆ. ನನಗೂ ಎಷ್ಟೋ ದಿನ ಆಗ್ತಿರಲಿಲ್ಲ, ಆದ್ರೂ ಮಣಿ ಸರಿಸ್ತಿದ್ದೆ. ಅಷ್ಟೇ ವ್ಯತ್ಯಾಸ."

ನಾನು ಅವಳ ಮಡಿಲಲ್ಲಿ ತಲೆ ಇಟ್ಟು ಅತ್ತೆ. ನಲವತ್ತಾರು ವರ್ಷದ ಹೆಂಗಸು. ಅವಳು ತಲೆ ಸವರಲಿಲ್ಲ, ಬೇರೆ ಏನನ್ನೋ ಯೋಚಿಸುತ್ತಿದ್ದಳು.

"ಇನ್ನೊಂದ್ಸಲ ಹೇಳು. ಅವನು ಹೇಳಿದ್ರೆ ಉತ್ತರ ಯಾರು ಕೊಡ್ತಿದ್ರು?"

"ಅಲ್ಲಿದ್ದೋರೆಲ್ಲ. ತಮಿಳಲ್ಲಿ."

"ಪುಣ್ಯವಂತರು. ಈಗ ಎಲ್ಲಿದ್ದಾನೋ. ಉತ್ತರ ಕೊಡೋರು ಇದ್ದಾರೋ ಇಲ್ವೋ. ನಾನೊಬ್ಬಳು ದಡ್ಡಿ, ಅವನ ಜಾಗ ಅವನಿಗೆ ಅಂತ ಎಲ್ಲರ ಬಾಯಿ ಮುಚ್ಚಿಸಿದ್ದೆ. ಅವನು ಹೇಳೋದು ಅವನು ಹೇಳ್ತಾನೆ. ಉತ್ತರ ಕೊಡಬೇಕಾದೋರು ನಾವಲ್ವಾ?"

ಸೊಂಟಕ್ಕೆ ಸಿಕ್ಕಿಸಿದ್ದ ಜಪಸರ ತೆಗೆದಳು. ಸಂಜೆಯವರೆಗೂ ಇರಲಿ ಅಂದೆ. "ಯಾಕೆ, ಅವನು ಅವರೆಕಾಳು ಹಿಸುಕ್ತಾ ಕೂತಿದ್ದಾನಾ?" ಅಂದಳು.

ಮಧ್ಯಾಹ್ನ ಹನ್ನೆರಡೂವರೆ. ಅಡುಗೆಮನೆಯ ನೆಲದ ಮೇಲೆ, ಸಿಪ್ಪೆಯ ರಾಶಿಯ ಪಕ್ಕ, ಇಬ್ಬರೇ. ನೇರವಾಗಿ ಮೂರನೆಯ ಹತ್ತಕ್ಕೆ ಹೋದೆವು. ಮೊದಲ ಮಣಿ. ಮೌನ. ಅವನ ಅರ್ಧ ಮುಗಿದಿರಬಹುದು ಎಂದು ನಾನು ಉತ್ತರಕ್ಕೆ ಬಾಯಿ ತೆರೆದೆ. ಅಮ್ಮ ಕೈ ಎತ್ತಿ ತಡೆದಳು.

"ತಾಳು. ಅವನು ನಿಧಾನ."

ಹೌದು. ನಾನು ಮರೆತಿದ್ದೆ. ಚಿಕ್ಕವಳಿದ್ದಾಗ ಅವನ ಹತ್ತು ಮುಗಿಯುವುದೇ ಇಲ್ಲ ಎಂದು ನಾನು ಗೊಣಗುತ್ತಿದ್ದೆ. ಪ್ರತಿ ಪದಕ್ಕೂ ಎರಡು ಕೋಟ್ ಬಣ್ಣ ಹೊಡೆದ ಹಾಗೆ ಹೇಳುತ್ತಿದ್ದ. ಕಾದೆ. ಆ ಖಾಲಿಯಲ್ಲಿ ಏನೂ ಕೇಳಿಸಲಿಲ್ಲ, ಆದರೂ ಅದು ಎಲ್ಲಿ ಮುಗಿಯುತ್ತದೆ ಎಂದು ಅಮ್ಮನಿಗೆ ಗೊತ್ತಿತ್ತು. ಅವಳು ತಲೆ ಆಡಿಸಿದಳು. ಇಬ್ಬರೂ ಉಳಿದರ್ಧವನ್ನು ಜೋರಾಗಿ ಹೇಳಿದೆವು. ಎರಡನೆಯ ಮಣಿ. ಮೌನ, ಉತ್ತರ. ಐದನೆಯದರ ಹೊತ್ತಿಗೆ ನನಗೂ ಲಯ ಸಿಕ್ಕಿತು. ಅವನ ಭಯ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವನು ಅಲ್ಲಿಯೇ ಇದ್ದ. ಆದರೆ ಈ ಸಲ ನನ್ನನ್ನು ನೋಡುತ್ತಿರಲಿಲ್ಲ, ತನ್ನ ಮಣಿ ನೋಡಿಕೊಂಡಿದ್ದ.

ಇದನ್ನು ಬರೆಯುವ ಈ ದಿನದವರೆಗೂ ಅವನ ಸುದ್ದಿ ಬಂದಿಲ್ಲ. ನನ್ನ ಗಂಡ ಎರಡು ಸಲ ಆ ಸಿಸ್ಟರುಗಳ ಮನೆಯವರೆಗೂ ಹೋಗಿ ಬಂದರು. ನಾನು ಮತ್ತೆ ಕಾಲು ನೋಡುತ್ತೇನೆ. ಸಂಜೆ ಮೂರನೆಯ ಹತ್ತು ಈಗ ಹೀಗೆಯೇ, ಅರ್ಧ ಖಾಲಿ, ಅರ್ಧ ನಾವು.

ಆ ಮಧ್ಯಾಹ್ನ ಹತ್ತನೆಯ ಮಣಿ ಮುಗಿಯುವಷ್ಟರಲ್ಲಿ ಮೆಟ್ಟಿಲ ಮೇಲಿಂದ ಕೂಗು ಬಂತು. "ಅಕ್ಕಾರ, ಇದೇನ್ರಿ ಇವತ್ತ ಮಧ್ಯಾಹ್ನನ? ಅದೂ ಒಂದ್ಸಲ ಗಪ್, ಒಂದ್ಸಲ ಜೋರು! ನಾ ಇನ್ನೂ ಕುಕ್ಕರ್ ಇಟ್ಟಿಲ್ರಿ!"

"ಇಡವ್ವ, ಇನ್ಮೇಲೆ ಹಿಂಗೇ" ಎಂದು ಅಮ್ಮ ಕೂಗಿ ಹೇಳಿ, ಜಪಸರಕ್ಕೆ ಮುತ್ತಿಟ್ಟು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಪಾತ್ರೆಯನ್ನು ನನ್ನ ಕಡೆ ತಳ್ಳಿದಳು. ಕಾಳು ನೀರಿನಲ್ಲಿ ಹೆಚ್ಚು ಹೊತ್ತು ನೆಂದು ಸಿಪ್ಪೆ ಸಡಿಲವಾಗಿತ್ತು, ಒತ್ತುವ ಮುಂಚೆಯೇ ಬೇಳೆ ಜಾರುತ್ತಿತ್ತು. ಮಗಳು ಕಾಲೇಜಿನಿಂದ ಬರುವಷ್ಟರಲ್ಲಿ ಸಾರಾಗಬೇಕು. ನಾನು ಸೆರಗು ಸಿಕ್ಕಿಸಿಕೊಂಡು, ಕಾಲು ಮಡಚಿ ಕೂತು, ಉಳಿದ ಕಾಳಿಗೆ ಕೈ ಹಾಕಿದೆ.